ಭೇಟಿಗೆ ಪ್ರತಿಭೇಟಿ: ಟ್ರಾಫಿಕ್ ಎಕ್ಸ್‌ಚೇಂಜ್ ಕೆಲಸ ಮಾಡುವ ಬಗೆ

ಜಾಲತಾಣವೊಂದನ್ನು ಕಟ್ಟುವುದು ಇಂದು ಸುಲಭವಾಗಿದ್ದರೂ ಅಲ್ಲಿಗೆ ಜನರನ್ನು ಕರೆತರುವುದು ಮೊದಲಿನಷ್ಟೇ ಕಷ್ಟವಾಗಿ ಉಳಿದಿದ್ದು, ಜಾಹೀರಾತಿಗೆ ಹಣ ಹಾಕಲಾಗದ ಸಣ್ಣ ವ್ಯಾಪಾರಿಗಳು ಆಶ್ರಯಿಸುತ್ತ ಬಂದ ಹಳೆಯ ಸಾಧನಗಳಲ್ಲಿ ಟ್ರಾಫಿಕ್ ಎಕ್ಸ್‌ಚೇಂಜ್ ಒಂದಾಗಿದೆ. ಜಾಲತಾಣಕ್ಕೆ ಬಂದು ಹೋಗುವ ಭೇಟಿಗಳ ಹರಿವಿಗೆ ಟ್ರಾಫಿಕ್ ಎನ್ನುತ್ತಾರೆ. ಸದಸ್ಯರು ಇತರರ ಪುಟಗಳನ್ನು ನೋಡಿ, ನೋಡಿದ್ದಕ್ಕೆ ಪ್ರತಿಯಾಗಿ ತಮ್ಮ ಪುಟಕ್ಕೂ ನೋಡುಗರನ್ನು ಪಡೆಯುವ ತಂತ್ರಾಂಶ ವ್ಯವಸ್ಥೆಯೇ ಟ್ರಾಫಿಕ್ ಎಕ್ಸ್‌ಚೇಂಜ್. ಒಬ್ಬರ ಗದ್ದೆಯ ನಾಟಿಗೆ ಇನ್ನೊಬ್ಬರು ಹೋಗಿ ಮುಯ್ಯಾಳು ತೀರಿಸುವ ಪದ್ಧತಿಯನ್ನು ಇದು ಮೇಲ್ನೋಟಕ್ಕೆ ಹೋಲುತ್ತದಾದರೂ, ಮುಯ್ಯಾಳಿನಲ್ಲಿ ನಾಟಿಯಾದ ಗದ್ದೆ ಕಣ್ಣೆದುರಿಗೇ ಇರುತ್ತದೆ. ಎಕ್ಸ್‌ಚೇಂಜಿನಲ್ಲಿ ಪುಟ ತೆರೆದುಕೊಂಡಿತೆಂಬುದು ಮಾತ್ರ ಲೆಕ್ಕಕ್ಕೆ ಸಿಗುತ್ತದೆಯೇ ಹೊರತು ಅದನ್ನು ಯಾರಾದರೂ ಓದಿದರೇ ಎಂಬುದು ಸಿಗುವುದಿಲ್ಲ. ಈ ಯಂತ್ರದಿಂದ ಪಡೆಯಬಹುದಾದ ಪ್ರಯೋಜನವೂ ಅದರಿಂದ ಆಗಬಹುದಾದ ನಷ್ಟವೂ ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಎಕ್ಸ್‌ಚೇಂಜಿನ ಮೂಲ ಜಾಲತಾಣಗಳ ಬ್ಯಾನರ್ ಜಾಹೀರಾತಿನಲ್ಲಿದೆ. 1994ರ ಅಕ್ಟೋಬರ್ 27ರಂದು ಹಾಟ್‌ವೈರ್ಡ್ ಎಂಬ ಅಮೆರಿಕದ ಜಾಲಪತ್ರಿಕೆಯಲ್ಲಿ ಕಾಣಿಸಿಕೊಂಡ ಅಡ್ಡಪಟ್ಟಿಯ ಜಾಹೀರಾತುಗಳು ಪುಟದ ಒಂದು ತುಂಡು ಜಾಗವನ್ನು ಮಾರಾಟದ ಸರಕಾಗಿಸಿದವು. ಆ ಜಾಗವನ್ನು ಕೊಳ್ಳಲಾಗದ ಸಣ್ಣ ಜಾಲತಾಣಗಳಿಗಾಗಿ 1996ರಲ್ಲಿ ಟೋನಿ ಶೇ ಮತ್ತು ಸಂಜಯ್ ಮದನ್ ಲಿಂಕ್‌ಎಕ್ಸ್‌ಚೇಂಜ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಸದಸ್ಯರು ತಮ್ಮ ಪುಟದಲ್ಲಿ ಇತರರ ಬ್ಯಾನರನ್ನು ಎರಡು ಬಾರಿ ತೋರಿಸಿದರೆ ಅವರ ಬ್ಯಾನರು ಬೇರೆಡೆ ಒಂದು ಬಾರಿ ಕಾಣುತ್ತಿತ್ತು. ಉಳಿದ ಅರ್ಧ ಪಾಲನ್ನು ಸಂಸ್ಥೆ ಹಣ ಕೊಡುವ ಜಾಹೀರಾತುದಾರರಿಗೆ ಮಾರುತ್ತಿತ್ತು. 1998ರಲ್ಲಿ ಮೈಕ್ರೋಸಾಫ್ಟ್ ಈ ಸಂಸ್ಥೆಯನ್ನು 26.5 ಕೋಟಿ ಡಾಲರಿಗೆ ಕೊಂಡಿತು. ಟ್ರಾಫಿಕ್ ಎಕ್ಸ್‌ಚೇಂಜಿನದೂ ಇದೇ ಲೆಕ್ಕಾಚಾರವಾಗಿದ್ದು, ಬ್ಯಾನರಿನ ಬದಲು ಇಡೀ ಪುಟವನ್ನು ತೋರಿಸುವುದು ಮತ್ತು ಜಾಲತಾಣದ ಓದುಗರ ಬದಲು ಸದಸ್ಯರೇ ಕುಳಿತು ನೋಡುವುದು ಇದರಲ್ಲಿ ಆದ ಬದಲಾವಣೆ.

ಸದಸ್ಯರೊಬ್ಬರು ಲಾಗಿನ್ ಆಗಿ ಸರ್ಫಿಂಗ್ ಆರಂಭಿಸಿದಾಗ, ಅಂದರೆ ಪುಟದಿಂದ ಪುಟಕ್ಕೆ ಸಾಗತೊಡಗಿದಾಗ, ಪರದೆ ಎರಡು ಭಾಗವಾಗುತ್ತದೆ. ಮೇಲಿನ ಕಿರುಪಟ್ಟಿಯಲ್ಲಿ ಎಕ್ಸ್‌ಚೇಂಜಿನ ಟೈಮರ್ ಇಳಿಯೆಣಿಕೆ ಮಾಡುತ್ತಿದ್ದರೆ, ಕೆಳಗಿನ ದೊಡ್ಡ ಜಾಗದಲ್ಲಿ ಬೇರೊಬ್ಬ ಸದಸ್ಯರ ಪುಟ ಐಫ್ರೇಮಿನೊಳಗೆ ತೆರೆದುಕೊಳ್ಳುತ್ತದೆ; ಒಂದು ಜಾಲಪುಟದ ಒಳಗೆ ಇನ್ನೊಂದನ್ನು ಕೂರಿಸುವ ಚೌಕಟ್ಟಿಗೆ ಐಫ್ರೇಮ್ ಎಂದು ಹೆಸರು. ಟೈಮರ್ ಸೊನ್ನೆಗಿಳಿದ ಕೂಡಲೇ ಪಟ್ಟಿಯಲ್ಲಿ ನಾಲ್ಕಾರು ಪುಟ್ಟ ಚಿತ್ರಗಳು ಮೂಡುತ್ತವೆ, ಅವುಗಳಲ್ಲಿ ಹೊಂದಿಕೆಯಾಗುವುದನ್ನು ಒತ್ತಿದರೆ ಸದಸ್ಯರ ಖಾತೆಗೆ ಕ್ರೆಡಿಟ್ ಜಮೆಯಾಗಿ ಮುಂದಿನ ಪುಟ ಬರುತ್ತದೆ, ತಪ್ಪಾದುದನ್ನು ಒತ್ತಿದರೆ ಕ್ರೆಡಿಟ್ ಸಿಗುವುದಿಲ್ಲ. ಪರದೆಯ ಮುಂದೆ ಮನುಷ್ಯರೇ ಕುಳಿತಿದ್ದಾರೆಂದು ಖಚಿತಪಡಿಸಿಕೊಳ್ಳುವುದು ಈ ಚಿತ್ರಪರೀಕ್ಷೆಯ ಉದ್ದೇಶ. ಆದರೆ ಪರೀಕ್ಷೆ ನಡೆಯುವುದು ಮೇಲಿನ ಪಟ್ಟಿಯಲ್ಲಾದುದರಿಂದ ಸದಸ್ಯರ ಕಣ್ಣೂ ಅಲ್ಲಿಯೇ ನೆಟ್ಟಿರುತ್ತದೆ. ಕೆಳಗಿನ ಪುಟವನ್ನು ಅವರು ನೋಡಲೇಬೇಕೆಂಬ ಒತ್ತಾಯ ಯಂತ್ರದ ರಚನೆಯಲ್ಲಿ ಎಲ್ಲಿಯೂ ಇಲ್ಲ.

ಕ್ರೆಡಿಟ್ ಎಂಬುದು ಎಕ್ಸ್‌ಚೇಂಜಿನ ಒಳಗಷ್ಟೇ ಚಲಾವಣೆಯಾಗುವ ನಾಣ್ಯ. ಎರಡಕ್ಕೆ ಒಂದು ಎಂಬ ಅನುಪಾತವಿದ್ದು ಟೈಮರ್ 15 ಸೆಕೆಂಡಿನದಾಗಿದ್ದರೆ, ಬಿಡುವಿಲ್ಲದೆ ಒಂದು ಗಂಟೆ ಕುಳಿತವರು ಹೆಚ್ಚೆಂದರೆ 240 ಪುಟಗಳನ್ನು ದಾಟಿ 120 ಭೇಟಿಗಳನ್ನು ಗಳಿಸಬಲ್ಲರು. ಸಾವಿರ ಸದಸ್ಯರು ತಲಾ ನೂರು ಪುಟ ನೋಡಿದರೆ ಒಂದು ಲಕ್ಷ ನೋಟಗಳು ಹುಟ್ಟುತ್ತವೆ, ಅವುಗಳಲ್ಲಿ ಸದಸ್ಯರಿಗೆ ಮರಳುವುದು 50,000 ಮಾತ್ರ. ಉಳಿದ 50,000 ನೋಟಗಳು ಎಕ್ಸ್‌ಚೇಂಜ್ ನಡೆಸುವವರ ಕೈಯಲ್ಲಿ ಉಳಿದು, ಹಣಕ್ಕೆ ಕ್ರೆಡಿಟ್ ಕೊಳ್ಳುವವರಿಗೂ ಹೊಸಬರನ್ನು ಸೇರಿಸಿದವರಿಗೆ ಕೊಡುವ ಬಹುಮಾನಕ್ಕೂ ವಿನಿಯೋಗವಾಗುತ್ತವೆ. ಸದಸ್ಯರು ತೆರುವ ಈ ಅರ್ಧಪಾಲಿನ ಸಮಯವೇ ಎಕ್ಸ್‌ಚೇಂಜಿನ ಆದಾಯದ ಮೂಲವಾದುದರಿಂದ, ಸೇವೆ ಉಚಿತವೆಂಬ ಮಾತನ್ನು ಎಚ್ಚರದಿಂದಲೇ ಕೇಳಬೇಕಾಗುತ್ತದೆ.

ಮೇಲೆ ವಿವರಿಸಿದ್ದು ಸದಸ್ಯರು ಪ್ರತಿ ಪುಟಕ್ಕೂ ಕೈಯಾರೆ ಒತ್ತಬೇಕಾದ ಮ್ಯಾನ್ಯುಯಲ್ ಎಕ್ಸ್‌ಚೇಂಜ್. ಆಟೋಸರ್ಫ್ ಎಂಬ ಇನ್ನೊಂದು ಬಗೆಯಲ್ಲಿ ಟೈಮರ್ ಮುಗಿದೊಡನೆ ಪುಟ ತಾನಾಗಿಯೇ ಬದಲಾಗುತ್ತದೆ. ಕಂಪ್ಯೂಟರನ್ನು ಚಾಲೂ ಮಾಡಿಟ್ಟು ಎದ್ದು ಹೋದರೂ ಕ್ರೆಡಿಟ್ ಬೆಳೆಯುತ್ತಲೇ ಇರುವುದರಿಂದ, ಇಲ್ಲಿ ಯಂತ್ರಗಳು ಯಂತ್ರಗಳಿಗೆ ಪುಟ ತೋರಿಸಿಕೊಳ್ಳುವ ಸ್ಥಿತಿ ಉಂಟಾಗುತ್ತದೆ. ಈ ಬಗೆಯೊಳಗೆ ಹಣದ ವಂಚನೆಯೂ ಸೇರಿಕೊಂಡದ್ದುಂಟು. 12ಡೈಲಿಪ್ರೊ ಎಂಬ ಆಟೋಸರ್ಫ್ ಯೋಜನೆಯು ಸದಸ್ಯತ್ವದ ಹಣ ಕಟ್ಟಿ ದಿನಕ್ಕಿಷ್ಟು ಪುಟ ನೋಡಿದವರಿಗೆ 12 ದಿನಗಳಲ್ಲಿ ಶೇ 44ರ ಲಾಭವನ್ನು ವಾಗ್ದಾನ ಮಾಡಿತ್ತು. ಹೊಸಬರ ಹಣವನ್ನೇ ಹಳಬರಿಗೆ ಲಾಭವೆಂದು ಹಂಚುವ ಪೊಂಜಿ ಯೋಜನೆ ಇದೆಂದೂ, ಮೂರು ಲಕ್ಷಕ್ಕಿಂತ ಹೆಚ್ಚು ಜನರಿಂದ ಐದು ಕೋಟಿ ಡಾಲರಿಗೂ ಮಿಕ್ಕಿ ಹಣ ಸಂಗ್ರಹವಾಗಿದೆಯೆಂದೂ ಆರೋಪಿಸಿ ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆ 2006ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಭೇಟಿಯ ಬದಲು ನಗದು ಕೊಡುವೆನೆನ್ನುವ ಎಕ್ಸ್‌ಚೇಂಜುಗಳಿಂದ ದೂರವಿರಬೇಕೆಂಬ ತಿಳಿವಳಿಕೆಗೆ ಈ ಒಂದು ಪ್ರಕರಣವೇ ಸಾಕು.

ಭೇಟಿ ಪಡೆದ ಜಾಲತಾಣದ ಕಡೆಯಿಂದ ನೋಡಿದರೆ ಲೆಕ್ಕ ಇನ್ನಷ್ಟು ಮಸುಕಾಗುತ್ತದೆ. ಪುಟ ಬೇಕೆಂದು ಬ್ರೌಸರ್ ಕಳುಹಿಸುವ ಕೋರಿಕೆಯನ್ನು ಸರ್ವರ್ ದಾಖಲಿಸಿಕೊಳ್ಳುತ್ತದೆಯಾದರೂ, ಕೋರಿಕೆಯ ಹಿಂದೆ ಇರುವುದು ಆಸಕ್ತಿಯೋ ಕ್ರೆಡಿಟ್ಟಿನ ಅಗತ್ಯವೋ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಭೇಟಿಗಳ ಅಂಕಿಅಂಶ ಕಲೆಹಾಕುವ ಗೂಗಲ್ ಅನಲಿಟಿಕ್ಸ್‌ನ ಈಗಿನ ಆವೃತ್ತಿ 10 ಸೆಕೆಂಡಿಗಿಂತ ಹೆಚ್ಚು ಕಾಲ ನಡೆದ ಭೇಟಿಯನ್ನು ತೊಡಗಿಸಿಕೊಂಡ ಭೇಟಿಯೆಂದು ಎಣಿಸುತ್ತದೆ. ಎಕ್ಸ್‌ಚೇಂಜಿನ ಟೈಮರ್ 15 ಸೆಕೆಂಡು ಹಿಡಿದಿಟ್ಟರೆ ಏನನ್ನೂ ಓದದ ಸದಸ್ಯರೂ ಈ ಗೆರೆಯನ್ನು ದಾಟಿಬಿಡಬಹುದು. ಬಂದವರನ್ನು ಮತ್ತೆ ಗುರುತಿಸಲು ಬ್ರೌಸರಿನಲ್ಲಿ ಇರಿಸುವ ಕುಕೀ ಎಂಬ ಕಿರುಕಡತವು ಐಫ್ರೇಮಿನೊಳಗೆ ಹೊರಗಿನವರ ಕುಕೀ ಎನಿಸಿಕೊಳ್ಳುತ್ತದೆ, ಮತ್ತು ಸಫಾರಿ ಬ್ರೌಸರ್ 2020ರಿಂದ ಅಂಥವನ್ನೆಲ್ಲ ತಡೆಯುತ್ತಿರುವುದರಿಂದ ಒಬ್ಬರೇ ಹತ್ತು ಸಲ ಬಂದರೂ ಹತ್ತು ಹೊಸಬರೆಂದು ದಾಖಲಾಗುವ ಸಾಧ್ಯತೆಯಿದೆ. ಹೀಗಾಗಿ ಎಕ್ಸ್‌ಚೇಂಜಿಗೆ ಕೊಡುವ ವಿಳಾಸದ ಕೊನೆಗೆ ಭೇಟಿಯ ಮೂಲವನ್ನು ತಿಳಿಸುವ ಗುರುತನ್ನು ಸೇರಿಸಿ, ಆ ಭೇಟಿಗಳನ್ನು ಉಳಿದ ಅಂಕಿಅಂಶದಿಂದ ಬೇರೆಯಾಗಿಡುವುದು ಮೊದಲು ಮಾಡಬೇಕಾದ ಕೆಲಸ.

ನೋಡುವವರು ಯಾರೆಂದು ಯೋಚಿಸಿದರೆ ಏನನ್ನು ತೋರಿಸಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಎಕ್ಸ್‌ಚೇಂಜಿನಲ್ಲಿ ಕುಳಿತಿರುವವರೆಲ್ಲರೂ ತಮ್ಮದೇ ಪುಟವನ್ನು ಪ್ರಚಾರ ಮಾಡಲು ಬಂದವರು. ಅವರಿಗೆ ಮಸಾಲೆಪುಡಿಯನ್ನೋ ಸೀರೆಯನ್ನೋ ಮಾರುವುದು ಕಷ್ಟ, ಆದರೆ ಜಾಲತಾಣ ನಡೆಸುವವರಿಗೆ ಬೇಕಾಗುವ ಸರ್ವರ್ ಬಾಡಿಗೆ, ವಿನ್ಯಾಸ, ಈಮೇಲ್ ಸೇವೆ, ಪ್ರಚಾರದ ಪಾಠಗಳಂಥವನ್ನು ಅವರು ಒಮ್ಮೆಯಾದರೂ ಗಮನಿಸಬಹುದು. ಜಾಲತಾಣದ ಮುಖಪುಟವನ್ನು ಹಾಗೆಯೇ ತೋರಿಸುವುದಕ್ಕಿಂತ, ದೊಡ್ಡ ಅಕ್ಷರದ ಒಂದೇ ಮಾತು, ಒಂದೇ ಚಿತ್ರ, ಈಮೇಲ್ ವಿಳಾಸ ಬರೆಯಲು ಒಂದೇ ಖಾನೆ ಇರುವ ಹಗುರವಾದ ಸ್ಪ್ಲ್ಯಾಶ್ ಪುಟವನ್ನು ಬಳಸುವುದು ವಾಸಿ. ಪುಟ ತೆರೆದುಕೊಳ್ಳಲು ಎಂಟು ಸೆಕೆಂಡು ತೆಗೆದುಕೊಂಡರೆ ನೋಟದ ಅರ್ಧಕ್ಕಿಂತ ಹೆಚ್ಚು ಕಾಲ ಖಾಲಿ ಪರದೆಗೇ ಹೋಗಿರುತ್ತದೆ. ಹದಿನೈದು ಸೆಕೆಂಡಿನಲ್ಲಿ ಮಾರಾಟ ನಡೆಯುವುದಿಲ್ಲವಾದರೂ ವಿಳಾಸ ಸಿಗಬಹುದು, ವಿಳಾಸ ಕೊಟ್ಟವರಿಗೆ ಅವರ ಒಪ್ಪಿಗೆಯ ಮೇಲೆ ಮುಂದೆ ಪತ್ರ ಬರೆಯಬಹುದು. ತನ್ನನ್ನು ಬೇರೆಯವರ ಚೌಕಟ್ಟಿನೊಳಗೆ ತೋರಿಸಬಾರದೆಂದು ಬ್ರೌಸರಿಗೆ ಸೂಚಿಸುವ ಭದ್ರತಾ ವ್ಯವಸ್ಥೆ ಅನೇಕ ಜಾಲತಾಣಗಳಲ್ಲಿದ್ದು, ಅಂಥ ಪುಟಗಳು ಎಕ್ಸ್‌ಚೇಂಜಿನಲ್ಲಿ ತೆರೆದುಕೊಳ್ಳುವುದೇ ಇಲ್ಲವಾದುದರಿಂದ ಕ್ರೆಡಿಟ್ ಖರ್ಚು ಮಾಡುವ ಮೊದಲು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಫಲಿತಾಂಶವನ್ನು ಅಳೆಯುವಾಗ ಆತುರಪಡುವುದರಿಂದ ತಪ್ಪು ತೀರ್ಮಾನಗಳು ಹುಟ್ಟುತ್ತವೆ. ನೂರು ಭೇಟಿಗೆ ಒಬ್ಬರು ವಿಳಾಸ ಕೊಡುವಷ್ಟು ಒಳ್ಳೆಯ ಪುಟವಿದ್ದರೂ, ಒಂದು ಗಂಟೆಯ ದುಡಿಮೆಯಿಂದ ಬಂದ 120 ಭೇಟಿಗಳಲ್ಲಿ ಒಬ್ಬರೂ ಕೊಡದೆ ಹೋಗುವ ಸಂಭವನೀಯತೆ ಸುಮಾರು ಶೇ 30ರಷ್ಟಿರುತ್ತದೆ. 500 ಭೇಟಿಗಳಾದ ಮೇಲೂ ಒಂದೂ ವಿಳಾಸ ಬರದಿದ್ದರೆ ಮಾತ್ರ ದೋಷ ಪುಟದಲ್ಲಿದೆಯೆಂದು ಧೈರ್ಯವಾಗಿ ಹೇಳಬಹುದು, ಏಕೆಂದರೆ ಅದು ಆಕಸ್ಮಿಕವಾಗಿ ನಡೆಯುವ ಸಂಭವ ಶೇ 1ಕ್ಕಿಂತಲೂ ಕಡಿಮೆ. ಎರಡು ಬಗೆಯ ಪುಟಗಳನ್ನು ಹೋಲಿಸಿ ಒಂದರದು ಶೇ 1, ಇನ್ನೊಂದರದು ಶೇ 2 ಎಂದು ಖಚಿತಪಡಿಸಿಕೊಳ್ಳಬೇಕಾದರೆ ಸಂಖ್ಯಾಶಾಸ್ತ್ರದ ವಾಡಿಕೆಯ ಲೆಕ್ಕದಂತೆ ಪ್ರತಿಯೊಂದಕ್ಕೂ ಸುಮಾರು 2,300 ಭೇಟಿಗಳು ಬೇಕು; ಎರಡಕ್ಕೂ ಸೇರಿ ಅಷ್ಟನ್ನು ಗಳಿಸಲು ಹಿಂದೆ ಹೇಳಿದ ಅನುಪಾತದಲ್ಲಿ 38 ಗಂಟೆಗಳಷ್ಟು ಸರ್ಫಿಂಗ್ ಮಾಡಬೇಕಾಗುತ್ತದೆ. ಆದ್ದರಿಂದ ಎದ್ದು ಕಾಣುವ ತಪ್ಪುಗಳನ್ನು ಹಿಡಿಯಲು ಎಕ್ಸ್‌ಚೇಂಜ್ ಒದಗುತ್ತದೆ, ಸೂಕ್ಷ್ಮ ವ್ಯತ್ಯಾಸಗಳನ್ನು ತೂಗಲು ಒದಗುವುದಿಲ್ಲ.

ಮಾಡಬಾರದ ಕೆಲಸಗಳೂ ಕೆಲವಿವೆ. ಗೂಗಲ್ ಆ್ಯಡ್‌ಸೆನ್ಸ್ ಜಾಹೀರಾತುಗಳಿರುವ ಪುಟಕ್ಕೆ ಎಕ್ಸ್‌ಚೇಂಜಿನಿಂದ ಭೇಟಿ ತರುವುದು ಆ ಸೇವೆಯ ನಿಯಮಗಳಿಗೆ ವಿರುದ್ಧವಾಗಿದ್ದು, ಖಾತೆಯೇ ರದ್ದಾಗುವ ಅಪಾಯವಿರುತ್ತದೆ. ನೋಡುವ ಇಚ್ಛೆಯಿಲ್ಲದವರಿಗೆ ತೋರಿಸಿದ ಜಾಹೀರಾತಿಗೆ ಬೇರೊಬ್ಬರು ಹಣ ತೆರಬೇಕಾಗುವುದು ಈ ನಿಷೇಧದ ಕಾರಣ. ಟೂಲ್‌ಬಾರ್ ಹಾಕಿಕೊಂಡವರ ಓಡಾಟವನ್ನು ಆಧರಿಸಿದ ಅಲೆಕ್ಸಾ ಎಂಬ ಶ್ರೇಯಾಂಕವನ್ನು ಮೇಲೇರಿಸಲು ಹಿಂದೆ ಎಕ್ಸ್‌ಚೇಂಜುಗಳು ಬಳಕೆಯಾಗುತ್ತಿದ್ದವಾದರೂ ಆ ಸೇವೆ 2022ರ ಮೇ ತಿಂಗಳಲ್ಲಿ ಮುಚ್ಚಿಹೋಯಿತು. ಭದ್ರತೆಯ ಪ್ರಶ್ನೆ ಇನ್ನೂ ಗಂಭೀರವಾದುದು: ಒಂಬತ್ತು ಎಕ್ಸ್‌ಚೇಂಜುಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅವುಗಳಲ್ಲಿ ತೆರೆದುಕೊಂಡ ಜಾಲವಿಳಾಸಗಳ ಪೈಕಿ ಶೇ 26ಕ್ಕಿಂತ ಹೆಚ್ಚಿನವು ಕುತಂತ್ರಾಂಶವೇ ಮೊದಲಾದ ಹಾನಿಕರ ಸಾಮಗ್ರಿಯನ್ನು ಒಳಗೊಂಡಿದ್ದವು. ಬ್ಯಾಂಕ್ ವ್ಯವಹಾರಕ್ಕೆ ಬಳಸುವ ಬ್ರೌಸರಿನಲ್ಲಿ ಸರ್ಫಿಂಗ್ ಮಾಡದಿರುವುದು, ಯಾವ ಕಡತವನ್ನೂ ಇಳಿಸಿಕೊಳ್ಳದಿರುವುದು, ಬ್ರೌಸರನ್ನು ಕಾಲಕಾಲಕ್ಕೆ ನವೀಕರಿಸುವುದು ಇವು ಕನಿಷ್ಠ ಎಚ್ಚರಿಕೆಗಳು.

ಕನ್ನಡದ ಜಾಲತಾಣಗಳಿಗೆ ಇನ್ನೊಂದು ಮಿತಿಯೂ ಇದೆ. ಎಕ್ಸ್‌ಚೇಂಜಿನ ಸದಸ್ಯರು ಹತ್ತಾರು ದೇಶಗಳಲ್ಲಿ ಚದುರಿಹೋಗಿರುವುದರಿಂದ ಕನ್ನಡ ಓದಬಲ್ಲವರು ಅಲ್ಲಿ ವಿರಳ. ದೇಶವನ್ನು ಆರಿಸಿಕೊಳ್ಳುವ ಸೌಲಭ್ಯ ಕೆಲವೆಡೆ ಇದ್ದು ಭಾರತವನ್ನೇ ಆರಿಸಿಕೊಂಡರೂ ಭಾಷೆಯ ಆಯ್ಕೆ ಅದರಿಂದ ಆಗುವುದಿಲ್ಲ. ಒಟ್ಟಿನಲ್ಲಿ ಈ ಸಾಧನವನ್ನು ಬಳಸಬೇಕೇ ಬೇಡವೇ ಎಂಬುದನ್ನು ಭೇಟಿಗಳ ಸಂಖ್ಯೆಯಿಂದ ನಿರ್ಧರಿಸುವುದಕ್ಕಿಂತ ಒಂದು ವಿಳಾಸಕ್ಕೆ ತಗಲುವ ಸಮಯದಿಂದ ನಿರ್ಧರಿಸುವುದು ಸರಿ. 500 ಭೇಟಿಗೆ ಸಾವಿರ ಪುಟಗಳಂತೆ 4 ಗಂಟೆ 10 ನಿಮಿಷ ಹಿಡಿದು, ಅದರಿಂದ ಐದು ವಿಳಾಸಗಳು ದೊರೆತರೆ ಒಂದೊಂದಕ್ಕೆ 50 ನಿಮಿಷ ವ್ಯಯವಾದಂತೆ. ಹೊಸ ಪುಟದ ತಪ್ಪುಗಳನ್ನು ತಿದ್ದಿಕೊಳ್ಳುವ ಮೊದಲ ಕೆಲವು ದಿನಗಳ ಮಟ್ಟಿಗೆ ಈ ಬೆಲೆ ಸಹ್ಯವೆನಿಸಬಹುದಾದರೂ, ಅದೇ 50 ನಿಮಿಷಗಳನ್ನು ತಾವಾಗಿಯೇ ಹುಡುಕಿಕೊಂಡು ಬರುವ ಓದುಗರಿಗೆ ಉಪಯುಕ್ತವಾದ ಬರಹವೊಂದನ್ನು ಸಿದ್ಧಪಡಿಸಲು ಬಳಸಿದರೆ ಹೆಚ್ಚು ವಿಳಾಸಗಳು ದೊರೆಯುವಂತಿದ್ದಲ್ಲಿ ಎಕ್ಸ್‌ಚೇಂಜನ್ನು ಅಲ್ಲಿಗೆ ನಿಲ್ಲಿಸುವುದೇ ಲಾಭಕರ.