ಒಟ್ಟು ಮಳೆಯ ಲೆಕ್ಕ ಸಾಲದು: ಬಿತ್ತನೆಗೆ ಒದಗಿದ ವರ್ಷಗಳನ್ನು ಎಣಿಸಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಉತ್ತರ ಒಣ ವಲಯಕ್ಕೆ ಸೇರಿವೆ. ಇಲ್ಲಿ ಮಳೆಯಾಶ್ರಿತ ಶೇಂಗಾ ಬೆಳೆಯುವ ರೈತರಿಗೆ ಬೀಜದ ಖರ್ಚು ದೊಡ್ಡದು. ಆರಿದ್ರಾ ಮಳೆಗೆ ಬಿತ್ತಿ, ಮುಂದಿನ ಮಳೆ ಕೈಕೊಟ್ಟರೆ ಬೀಜವೂ ಹೋಯಿತು, ಹಂಗಾಮೂ ಹೋಯಿತು. ವರ್ಷದ ಒಟ್ಟು ಮಳೆ ವಾಡಿಕೆಯಷ್ಟಾಗಿದ್ದರೂ ಆ ನಷ್ಟ ತುಂಬದು. ಆದ್ದರಿಂದ ಬೇಕಾದ ಷರತ್ತುಗಳೆಲ್ಲ ಒಂದೇ ವರ್ಷದಲ್ಲಿ ಕೂಡಿಬಂದದ್ದು ಎಷ್ಟು ಸಲ ಎಂಬುದನ್ನು ತಿಳಿಯಬೇಕು.

ಎಣಿಸುವ ವಿಧಾನ

ಹತ್ತಿರದ ಮಳೆಮಾಪನ ಕೇಂದ್ರದ ದಿನವಹಿ ಅಂಕಿಗಳನ್ನು ಪಡೆದು, ವರ್ಷಕ್ಕೊಂದು ಸಾಲು ಬರೆಯಿರಿ. ಉದಾಹರಣೆಗೆ ಎರಡು ಷರತ್ತು ಇಡೋಣ:

1. ಜೂನ್ 22ರಿಂದ ಜುಲೈ 5ರೊಳಗೆ, ಸತತ 3 ದಿನಗಳಲ್ಲಿ ಒಟ್ಟು 20 ಮಿ.ಮೀ. ಅಥವಾ ಹೆಚ್ಚು ಮಳೆ ಬಂದಿರಬೇಕು.

2. ಜುಲೈ 6ರಿಂದ ಆಗಸ್ಟ್ 4ರವರೆಗೆ ಸತತ 10 ಒಣದಿನಗಳು ಬಂದಿರಬಾರದು. 2.5 ಮಿ.ಮೀ.ಗಿಂತ ಕಡಿಮೆ ಮಳೆಯಾದ ದಿನ ಒಣದಿನ.

ತೇವ ಬೇಗ ಆರುವ ತೆಳು ಕೆಂಪು ಮಣ್ಣಿಗೆ ಒಣದಿನಗಳ ಮಿತಿಯನ್ನು ಇನ್ನೂ ಕಡಿಮೆ ಇಡಬೇಕು.

ಷರತ್ತು ಪೂರೈಸಿದರೆ 1, ಇಲ್ಲದಿದ್ದರೆ 0 ಬರೆಯಿರಿ. ಪ್ರತಿ ಸಾಲಿನ ಎರಡೂ ಅಂಕಿಗಳನ್ನು ಗುಣಿಸಿ, ಬಂದ ಗುಣಲಬ್ಧಗಳನ್ನು ಕೂಡಿಸಿ. ಗಣಕಯಂತ್ರ ಮಾಡುವುದೂ ಇದನ್ನೇ. ಎಕ್ಸೆಲ್‌ನ ಕೌಂಟ್‌ಇಫ್ಸ್ ಸೂತ್ರದಲ್ಲಿ ಅಥವಾ ಆರ್ ಭಾಷೆಯಲ್ಲಿ ಸಾವಿರಾರು ಸಾಲುಗಳನ್ನು ಕ್ಷಣದಲ್ಲಿ ಎಣಿಸಬಹುದು.

10 ವರ್ಷಗಳಲ್ಲಿ ಮೊದಲ ಷರತ್ತು 7 ಸಲ, ಎರಡನೆಯದು 6 ಸಲ ಪೂರೈಸಿದೆ ಎಂದುಕೊಳ್ಳಿ. ಎರಡೂ ಒಟ್ಟಿಗೆ ಪೂರೈಸಿದ್ದು 4 ಸಲ ಮಾತ್ರ ಇರಬಹುದು. ಆಗ "ಇದು ಅಥವಾ ಅದು" ಎಂದು ಎಣಿಸಿದರೆ 9 ಬರುತ್ತದೆ. "ಇದು ಮತ್ತು ಅದು" ಎಂದರೆ 4. ಬಿತ್ತುವವನಿಗೆ ಬೇಕಾದದ್ದು ಈ 4.

ಗಮನಿಸಬೇಕಾದ ಅಂಶಗಳು

ಅಳತೆ ದಾಖಲಾಗದ ದಿನಕ್ಕೆ ಸೊನ್ನೆ ಬರೆಯಬಾರದು. ಬರೆದರೆ ಇಲ್ಲದ ಬರ ಲೆಕ್ಕಕ್ಕೆ ಬರುತ್ತದೆ. ಅಂಥ ದಿನಗಳಿಂದ ಷರತ್ತು ತೀರ್ಮಾನವಾಗದ ವರ್ಷವನ್ನು ಬಿಟ್ಟು, ಉಳಿದ ವರ್ಷಗಳಿಗೆ ಮಾತ್ರ ಪ್ರಮಾಣ ತೆಗೆಯಿರಿ.

ಜಿಲ್ಲೆಯ ಹೆಸರನ್ನು ಷರತ್ತಾಗಿ ಇಡಬೇಡಿ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. "ಬಳ್ಳಾರಿ" ಎಂದು ಹುಡುಕಿದರೆ ಎರಡು ದಶಕದ ಸಾಲುಗಳು ಬಿಟ್ಟುಹೋಗುತ್ತವೆ. ಕೊಟ್ಟೂರಿನ ಹಳೆಯ ಅಂಕಿಗಳನ್ನು ಕೂಡ್ಲಿಗಿ ತಾಲ್ಲೂಕಿನಲ್ಲಿ ಹುಡುಕಬೇಕು. ಮಳೆಮಾಪನ ಕೇಂದ್ರದ ಹೆಸರನ್ನೇ ಹಿಡಿಯುವುದು ಸೂಕ್ತ.

ಲೆಕ್ಕದ ಉಪಯೋಗ

ಹತ್ತರಲ್ಲಿ ನಾಲ್ಕು ಎಂದು ಬಂದರೆ ಇಡೀ ಹೊಲಕ್ಕೆ ಒಮ್ಮೆಲೇ ಶೇಂಗಾ ಹಾಕಬೇಡಿ. ಒಂದು ಭಾಗಕ್ಕೆ ಶೇಂಗಾ ಬಿತ್ತಿ, ನಡುವೆ ತೊಗರಿ ಸಾಲು ಹಾಕಿ. ಉಳಿದ ಬೀಜ ಕೈಯಲ್ಲಿರಲಿ. ಮಳೆ ತಡವಾದರೆ ಸಜ್ಜೆ, ನವಣೆ, ಕೊನೆಗೆ ಹುರುಳಿಯೂ ಇದೆ. ಈ ಎಣಿಕೆ ಈ ವರ್ಷದ ಮಳೆಯನ್ನು ಮುಂಗಂಡು ಹೇಳದು. ಎಷ್ಟು ಬೀಜವನ್ನು ಮಳೆಯ ಕೈಗೆ ಒಪ್ಪಿಸಬಹುದು ಎಂಬುದನ್ನು ತಿಳಿಸುತ್ತದೆ.