ಒಡೆಯರಿರುವ ಕಾಡಿನಲ್ಲೊಂದು ಬಿಡದಿ

ನೆರೆಮನೆಯ ಗೃಹಸ್ಥರೊಬ್ಬರು ಈಚೆಗೆ ನನಗೊಂದು ಚಿತ್ರವನ್ನು ತೋರಿಸಿದರು. ಜೋಹಾನ್ಸ್‌ಬರ್ಗಿನಲ್ಲಿ ಉದ್ಯೋಗದಲ್ಲಿರುವ ಅವರ ಮಗಳೂ ಅಳಿಯಂದಿರೂ ಕಳುಹಿಸಿದ ಚಿತ್ರವದು. ಚಾವಣಿಯಾಗಲಿ ಬಾಗಿಲಾಗಲಿ ಇಲ್ಲದ ಒಂದು ಮೋಟಾರು ವಾಹನ. ಅದರಲ್ಲಿ ಆರೇಳು ಜನ. ಹತ್ತು ಮಾರು ದೂರದಲ್ಲಿ ಮುಂಗಾಲು ಚಾಚಿ ಮಲಗಿದ ಒಂದು ಚಿರತೆ. ಅದು ಈ ಜನರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

"ಮೇಷ್ಟ್ರೇ, ಇದೇನು ನಿಜವಾದ ಕಾಡೋ, ಸಾಕಿದ ಮೃಗವೋ? ಅಲ್ಲಿ ತಲೆಗೆ ಒಂದು ರಾತ್ರಿಗೆ ಲಕ್ಷ ರೂಪಾಯಿ ಮೀರುತ್ತದಂತೆ. ಅದೂ ಯಾರದೋ ಸ್ವಂತ ಕಾಡಂತೆ! ಕಾಡಿಗೂ ಒಡೆಯರುಂಟೆ?" ಎಂದು ಅವರು ಕೇಳಿದರು. ಪ್ರಶ್ನೆಗಳು ಚಿಕ್ಕವು, ಉತ್ತರ ಅಷ್ಟು ಚಿಕ್ಕದಲ್ಲ. ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿಚಾರಿಸೋಣ.

ಮೊದಲು 'ಸಫಾರಿ' ಎಂಬ ಮಾತು. ಇದು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯದು, ಪ್ರಯಾಣವೆಂದು ಅರ್ಥ. ಮೂಲದಲ್ಲಿ ಅರಬ್ಬಿಯ 'ಸಫರ್' ಶಬ್ದಕ್ಕೆ ಸಂಬಂಧಿಸಿದ್ದು. ನಮ್ಮ ಊರುಗಳಲ್ಲಿ ಮುಸಾಫರಖಾನೆ ಎಂಬ ಹೆಸರನ್ನು ಕೇಳಿದವರಿಗೆ ಈ ಶಬ್ದದ ಬಳಗ ಹೊಸದೇನೂ ಅಲ್ಲ. ಒಂದು ಕಾಲಕ್ಕೆ ಸಫಾರಿಯೆಂದರೆ ಬಂದೂಕು ಹಿಡಿದು ಹೊರಡುವ ಬೇಟೆಯ ಪ್ರಯಾಣ. ಸಿಂಹ, ಚಿರತೆ, ಆನೆ, ಖಡ್ಗಮೃಗ, ಕಾಡೆಮ್ಮೆ ಇವನ್ನು 'ಮಹಾಪಂಚಕ' ಎಂದು ಪ್ರವಾಸಿಗಳು ಇಂದು ಎಣಿಸಿಕೊಳ್ಳುತ್ತಾರಷ್ಟೆ. ಆ ಎಣಿಕೆಯೂ ಬೇಟೆಗಾರರದೇ. ನೆಲದ ಮೇಲೆ ನಿಂತು ಬೇಟೆಯಾಡುವವನಿಗೆ ಅತ್ಯಂತ ಅಪಾಯಕಾರಿಯಾದ ಐದು ಪ್ರಾಣಿಗಳು ಅವು; ಅಂದಕ್ಕಾಗಿ ಆರಿಸಿದ ಐದಲ್ಲ.

ಚಿತ್ರದಲ್ಲಿದ್ದ ಕಾಡಿನ ಹೆಸರು ಸಬೀ ಸ್ಯಾಂಡ್. ದಕ್ಷಿಣ ಆಫ್ರಿಕದ ಪೂರ್ವಭಾಗದಲ್ಲಿ ಕ್ರೂಗರ್ ರಾಷ್ಟ್ರೀಯ ವನವೆಂಬ, ಸುಮಾರು 20,000 ಚದರ ಕಿಲೋಮೀಟರಿನ ಸರ್ಕಾರೀ ಅರಣ್ಯವುಂಟು. ಅದರ ಪಶ್ಚಿಮದ ಅಂಚಿಗೆ ಹೊಂದಿಕೊಂಡು ಸುಮಾರು 65,000 ಹೆಕ್ಟೇರಿನಷ್ಟು, ಎಂದರೆ ಒಂದೂವರೆ ಲಕ್ಷ ಎಕರೆಗೂ ಮಿಕ್ಕ, ಖಾಸಗಿ ಕಾಡು ಇದು. ಸಬೀ, ಸ್ಯಾಂಡ್ ಎಂಬ ಎರಡು ನದಿಗಳಿಂದ ಇದಕ್ಕೆ ಈ ಹೆಸರು. ಒಬ್ಬನದಲ್ಲ, ಹಲವು ಭೂಮಾಲೀಕರ ಜಮೀನುಗಳು ಒಂದುಗೂಡಿ ಆದದ್ದು. ನಮ್ಮ ಬಂಡೀಪುರ, ನಾಗರಹೊಳೆಗಳಂತೆ ಕಾಡು ಸರ್ಕಾರದ್ದೆಂದೇ ತಿಳಿದ ನಮಗೆ ಇದು ವಿಚಿತ್ರವೆನಿಸುವುದು ಸಹಜ.

ಈ ಕಾಡಿನ ಬಿಡದಿಗಳಲ್ಲಿ ಇಳಿದುಕೊಂಡವರ ದಿನಚರಿ ಹೆಚ್ಚುಕಡಮೆ ಒಂದೇ ಬಗೆ. ಬೆಳಗಿನ ಜಾವದಲ್ಲಿ ಮಾರ್ಗದರ್ಶಿ ಬಂದು ಬಾಗಿಲು ತಟ್ಟುತ್ತಾನೆ. ಬಿಸಿ ಕಾಫಿ ಕುಡಿದು, ಸೂರ್ಯೋದಯಕ್ಕೆ ಮುಂಚೆಯೇ ತೆರೆದ ವಾಹನವನ್ನೇರಬೇಕು. ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಒಣ ಹವೆ. ಹುಲ್ಲು ತಗ್ಗಿ ಪ್ರಾಣಿಗಳು ಚೆನ್ನಾಗಿ ಕಾಣುತ್ತವೆ. ಆದರೆ ಮುಂಜಾನೆಯ ಚಳಿಗೆ ಕಂಬಳಿ ಹೊದೆದೇ ಕುಳಿತಿರಬೇಕು. ಮೂರು ನಾಲ್ಕು ಗಂಟೆ ಸುತ್ತಿ ಬಂದ ಮೇಲೆ ಉಪಾಹಾರ, ವಿಶ್ರಾಂತಿ. ಸಂಜೆ ನಾಲ್ಕರ ಸುಮಾರಿಗೆ ಮತ್ತೆ ಹೊರಟು, ಕತ್ತಲಾದ ಮೇಲೆ ದೀಪದ ಬೆಳಕಿನಲ್ಲಿ ಹಿಂದಿರುಗುವುದು. ರಾತ್ರಿಯ ಊಟ ಎಷ್ಟೋ ವೇಳೆ ದುಂಡನೆಯ ಬೇಲಿಯ ನಡುವೆ, ಬೆಂಕಿಯ ಸುತ್ತ. ಅಂಥ ಆವರಣವನ್ನು ಅಲ್ಲಿ 'ಬೋಮಾ' ಎನ್ನುತ್ತಾರೆ. ಶಾಕಾಹಾರಿಗಳು ಮುಂಚೆಯೇ ತಿಳಿಸಿದರೆ ಅವರಿಗೆ ಬೇರೆ ಅಡುಗೆಯಾಗುತ್ತದೆ. ಊಟವಾದ ಮೇಲೆ ಕೋಣೆಗೆ ಒಬ್ಬರೇ ಹೋಗುವಂತಿಲ್ಲ; ಕಾವಲಿನವನು ಜೊತೆಗೆ ಬರಬೇಕು. ಹಲವು ಬಿಡದಿಗಳಿಗೆ ಸುತ್ತಲೂ ಬೇಲಿಯಿಲ್ಲ. ಹಾಸುಗಲ್ಲಿನ ಕಾಲುದಾರಿಯ ಮೇಲೆ ಆನೆಯೂ ನಡೆಯಬಹುದು, ಚಿರತೆಯೂ ನಡೆಯಬಹುದು.

ವಾಹನದ ಮುಂಭಾಗದಲ್ಲಿ ಹೊರಚಾಚಿದ ಒಂದು ಒಂಟಿ ಕುರ್ಚಿಯಿರುತ್ತದೆ. ಅದರಲ್ಲಿ ಕುಳಿತವನೇ ಜಾಡು ಹಿಡಿಯುವವನು. ಹೆಚ್ಚಿನವರು ಆ ಸೀಮೆಯ ಷಂಗಾನ್ ಜನ. ಮಣ್ಣಿನ ಮೇಲಿನ ಹೆಜ್ಜೆಯ ಅಂಚು ಉದುರಿದೆಯೋ ಇಲ್ಲವೋ, ಅದರ ಮೇಲೆ ಇಬ್ಬನಿ ಬಿದ್ದಿದೆಯೋ ಇಲ್ಲವೋ ನೋಡಿ, ಮೃಗ ಹೋದದ್ದು ರಾತ್ರಿಯೋ ಈಗಲೋ ಎಂದು ಅವನು ಹೇಳಬಲ್ಲ. ಇಂಪಾಲವೆಂಬ ಜಿಂಕೆಯ ಎಚ್ಚರಿಕೆಯ ಸೀನನ್ನೂ ಅಳಿಲಿನ ಚೀರಾಟವನ್ನೂ ಕೇಳಿ, ಚಿರತೆ ಯಾವ ಪೊದೆಯಲ್ಲಿದೆಯೆಂದು ಊಹಿಸಬಲ್ಲ. ಸಿಂಹ ಹತ್ತಿರವಾದಾಗ ಅವನು ಆ ಕುರ್ಚಿಯಿಂದ ಇಳಿದು ವಾಹನದೊಳಗೆ ಬಂದು ಕೂರುತ್ತಾನೆ.

ಇನ್ನು ಚಿರತೆ ಏಕೆ ಎರಗಲಿಲ್ಲ ಎಂಬ ಪ್ರಶ್ನೆ. ಅದು ಸಾಕಿದ ಮೃಗವಲ್ಲ. ಮರಿಯಾಗಿದ್ದಾಗಿನಿಂದ ಅದು ಇಂಥ ವಾಹನಗಳನ್ನು ನೋಡುತ್ತ ಬಂದಿದೆ; ಅವುಗಳಿಂದ ಕೇಡೂ ಆಗಲಿಲ್ಲ, ಆಹಾರವೂ ಸಿಗಲಿಲ್ಲ. ಆದ್ದರಿಂದ ವಾಹನವನ್ನೂ ಅದರೊಳಗಿನವರನ್ನೂ ಅದು ಒಂದೇ ಆಕಾರವಾಗಿ ಕಂಡು, ಬಂಡೆಯನ್ನೋ ಮರವನ್ನೋ ಕಡೆಗಣಿಸುವಂತೆ ಕಡೆಗಣಿಸುತ್ತದೆ. ಒಬ್ಬನು ಎದ್ದುನಿಂತರೆ ಆ ಆಕಾರ ಒಡೆಯುತ್ತದೆ. ಮೃಗಕ್ಕೆ ಮನುಷ್ಯ ಕಾಣುತ್ತಾನೆ. ಏಳಬಾರದು, ಕೂಗಬಾರದು, ಕೆಳಗಿಳಿಯಬಾರದು ಎಂಬ ಕಟ್ಟಳೆಗೆ ಇದೇ ಕಾರಣ. ಒಂದು ಮೃಗದ ಬಳಿ ಒಮ್ಮೆಗೆ ಎರಡು ಮೂರಕ್ಕಿಂತ ಹೆಚ್ಚು ವಾಹನಗಳು ಸೇರದಂತೆಯೂ ಅಲ್ಲಿ ನೋಡಿಕೊಳ್ಳುತ್ತಾರೆ. 1979ರಲ್ಲಿ ಲೊಂಡೊಲೋಜಿ ಎಂಬಲ್ಲಿ ಒಂದು ಹೆಣ್ಣು ಚಿರತೆ ವಾಹನದ ಎದುರು ಓಡಿಹೋಗದೆ ನಿಲ್ಲತೊಡಗಿತು. ಜಾನ್ ವಾರ್ಟಿ ಎಂಬವರೂ ಜಾಡುಗಾರ ಎಲ್ಮನ್ ಮ್ಲೋಂಗೊ ಅವರೂ ವರ್ಷಗಟ್ಟಲೆ ಅದರ ಹಿಂದೆ ಹೋಗಿ ಅದರ ಬಾಳನ್ನು ಚಿತ್ರಿಸಿದರು. ಕಣ್ಣಿಗೇ ಬೀಳದ ಪ್ರಾಣಿಯೆನಿಸಿದ್ದ ಚಿರತೆ ಈ ಕಾಡಿನ ಹೆಸರನ್ನು ಜಗತ್ತಿಗೆ ಹರಡಿದ್ದು ಹೀಗೆ.

ಈಗ ಒಡೆತನದ ಮಾತು. ಟ್ರಾನ್ಸ್‌ವಾಲ್ ಗಣರಾಜ್ಯದ ಅಧ್ಯಕ್ಷ ಪಾಲ್ ಕ್ರೂಗರ್ 1898ರಲ್ಲಿ ಸಬೀ ಮೃಗರಕ್ಷಣಾ ಪ್ರದೇಶವನ್ನು ಸಾರಿದನು. 1926ರಲ್ಲಿ ಅದು ವಿಸ್ತಾರಗೊಂಡು ರಾಷ್ಟ್ರೀಯ ವನವಾದಾಗ, ಪಶ್ಚಿಮದಲ್ಲಿದ್ದ ಖಾಸಗಿ ಜಮೀನುಗಳು ಅದರಿಂದ ಹೊರಗೆ ಉಳಿದವು. ಅವುಗಳಲ್ಲಿ ಕೆಲವೆಡೆ ದನ ಸಾಕಲು ಹೊರಟರು. ದನ ತಿಂದ ಸಿಂಹಗಳನ್ನು ನೂರಾರು ಸಂಖ್ಯೆಯಲ್ಲಿ ಕೊಂದರು. ಆ ಕೆಲಸಕ್ಕಿದ್ದ ಹ್ಯಾರಿ ಕರ್ಕ್‌ಮನ್ ಮುಂದೆ ಕ್ರೂಗರ್ ವನದ ರಕ್ಷಕನಾದದ್ದು ಒಂದು ಸ್ವಾರಸ್ಯ. ದನಗಳಿಂದ ಲಾಭ ಬರಲಿಲ್ಲ. ಬೇಟೆಯ ಬಿಡಾರಕ್ಕೆಂದು ಜಮೀನು ಕೊಂಡವರೂ ಇದ್ದರು. 1948ರಲ್ಲಿ ಮಾಲೀಕರು ಒಂದುಗೂಡಿ ಸಬೀ ಸ್ಯಾಂಡ್ ಸಂಘವನ್ನು ಕಟ್ಟಿದರು. ಲೊಂಡೊಲೋಜಿಯ ಜಮೀನನ್ನು 1926ರಲ್ಲಿ ಬೇಟೆಗೆಂದು ಕೊಂಡ ಮನೆತನದವರೇ 1973ರಲ್ಲಿ ಅಲ್ಲಿ ಪ್ರವಾಸಿಗಳಿಗೆ ಬಿಡದಿಯನ್ನು ತೆರೆದರು.

ಅವರ ಕೈಗೆ ಬಂದದ್ದು ಸೊಂಪಾದ ಕಾಡಲ್ಲ. ದನಗಳು ಅತಿಯಾಗಿ ಮೇದ ನೆಲದಲ್ಲಿ ಹುಲ್ಲು ಸತ್ತಿತ್ತು. ಮಳೆನೀರು ನೆಲದೊಳಗೆ ಇಂಗದೆ ಕೊರಕಲು ಕೊರೆದು ಹರಿದುಹೋಗುತ್ತಿತ್ತು. ಹುಲ್ಲಿದ್ದೆಡೆ ಮುಳ್ಳುಪೊದೆ ಹಬ್ಬಿತ್ತು. ಕೆನ್ ಟಿನ್ಲೆ ಎಂಬ ಪರಿಸರ ವಿಜ್ಞಾನಿಯ ಸಲಹೆಯಂತೆ, ಪೊದೆಗಳನ್ನು ಕಡಿದು ಅವನ್ನೇ ಕೊರಕಲುಗಳಿಗೆ ತುಂಬಿದರು. ನೀರು ನಿಂತಿತು, ಹುಲ್ಲು ಮರಳಿತು. ಹುಲ್ಲಿನ ಹಿಂದೆ ಜಿಂಕೆ, ಜಿಂಕೆಯ ಹಿಂದೆ ಚಿರತೆ. ಕಾಲುಬಾಯಿ ಬೇನೆ ಹರಡದಿರಲೆಂದು 1960ರ ದಶಕದ ಆದಿಯಲ್ಲಿ ಕ್ರೂಗರಿನ ಪಶ್ಚಿಮಕ್ಕೆ ಹಾಕಿದ್ದ ಬೇಲಿಯನ್ನು ಸಬೀ ಸ್ಯಾಂಡಿನ ಮಗ್ಗುಲಲ್ಲಿ 1993ರಲ್ಲಿ ಕಿತ್ತರು. ಅಂದಿನಿಂದ ಸುಮಾರು 50 ಕಿಲೋಮೀಟರಿನ ಗಡಿಯಲ್ಲಿ ಮೃಗಗಳಿಗೆ ಅಡ್ಡಿಯಿಲ್ಲ.

ಹಾಗಾದರೆ ಆ ಲಕ್ಷ ರೂಪಾಯಿ ಹೋಗುವುದೆಲ್ಲಿಗೆ? ಮೆತ್ತನೆಯ ಹಾಸಿಗೆಗೆ ಒಂದು ಪಾಲು ಸರಿಯೆ. ಜಾಡುಗಾರ, ಮಾರ್ಗದರ್ಶಿ, ಅಡುಗೆಯವರು, ದಾರಿ ಸರಿಪಡಿಸುವವರು ಇವರ ಸಂಬಳಕ್ಕೆ ಒಂದು ಪಾಲು. ಕಾವಲಿಗೆ ದೊಡ್ಡ ಪಾಲು. ಕ್ರೂಗರ್ ವನದಲ್ಲಿ 2011ರ ಸುಮಾರಿಗೆ 10,000ಕ್ಕೂ ಹೆಚ್ಚಿದ್ದ ಬಿಳಿಯ ಖಡ್ಗಮೃಗಗಳು ಕಳ್ಳಬೇಟೆಯಿಂದಲೂ ಬರದಿಂದಲೂ 2020ರ ಹೊತ್ತಿಗೆ 3,000ಕ್ಕಿಂತ ಕೆಳಗಿಳಿದವು. ಅದರ ಕೊಂಬು ನಮ್ಮ ಉಗುರಿನಂಥದೇ ವಸ್ತು. ನೋವಾಗದಂತೆ ಕತ್ತರಿಸಿದರೆ ಮತ್ತೆ ಬೆಳೆಯುತ್ತದೆ. ಜೀವ ಉಳಿಯಲೆಂದು ಈಗ ಎಷ್ಟೋ ಖಡ್ಗಮೃಗಗಳ ಕೊಂಬನ್ನು ಮುಂಚೆಯೇ ಕತ್ತರಿಸುತ್ತಾರೆ. ನೋಡಲು ಬರುವ ಅತಿಥಿಯಿಲ್ಲದಿದ್ದರೆ ಈ ವೆಚ್ಚ ಖಾಸಗಿ ಜಮೀನಿನಲ್ಲಿ ಏಳುವುದು ಕಷ್ಟ. ಇದು ಈ ಪದ್ಧತಿಯ ಪರವಾಗಿ ಹೇಳಬೇಕಾದ ಮಾತು, ಮನಃಪೂರ್ವಕವಾಗಿಯೇ ಹೇಳಬೇಕು.

ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಅತಿಥಿಯ ಮನಸ್ಸನ್ನು ಸೆಳೆಯುವ ಆ ನಿರ್ಜನತೆ ಹುಟ್ಟಿನಿಂದ ಬಂದದ್ದಲ್ಲ, ಮಾಡಿದ್ದು. 1902ರಲ್ಲಿ ಸಬೀ ಪ್ರದೇಶಕ್ಕೆ ಮೊದಲ ವಾರ್ಡನ್ ಆಗಿ ಬಂದ ಸ್ಟೀವನ್‌ಸನ್ ಹ್ಯಾಮಿಲ್ಟನ್ ಅಲ್ಲಿ ನೆಲಸಿದ್ದ ಜನರನ್ನು ಹೊರಕ್ಕೆ ಕಳುಹಿಸಿದನು. ಆ ಜನ ಅವನಿಗಿಟ್ಟ ಹೆಸರು ಸ್ಕುಕೂಜಾ. ಗುಡಿಸಿಹಾಕುವವನು ಎಂದು ಅದರ ಭಾವ. ಕ್ರೂಗರಿನ ಮುಖ್ಯ ಠಾಣ್ಯಕ್ಕೆ ಇಂದಿಗೂ ಅದೇ ಹೆಸರು. 1913ರ ಭೂಕಾಯಿದೆ ದೇಶದ ಬಹುಸಂಖ್ಯಾತರಾದ ಕರಿಯ ಜನರಿಗೆ ನೂರಕ್ಕೆ ಸುಮಾರು 7 ಪಾಲು ನೆಲವನ್ನು ಮಾತ್ರ ಬಿಟ್ಟಿತು. 1936ರಲ್ಲಿ ಅದು ಸುಮಾರು 13 ಪಾಲಾಯಿತು. ಸಬೀ ಸ್ಯಾಂಡಿನ ಪಶ್ಚಿಮದ ಬೇಲಿ ಇಂದಿಗೂ ಇದೆ. ಅದರಾಚೆಗೆ ಬುಷ್‌ಬಕ್‌ರಿಜ್ ಸೀಮೆಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಇಕ್ಕಟ್ಟಾಗಿ ಬದುಕುತ್ತಾರೆ. ಬಿಡದಿಗಳ ಕೆಲಸಗಾರರಲ್ಲಿ ಎಷ್ಟೋ ಮಂದಿ ಬರುವುದು ಅಲ್ಲಿಂದಲೇ. ಅಜ್ಜ ಬಿಟ್ಟುಹೋದ ನೆಲದಲ್ಲಿ ಮೊಮ್ಮಗ ಸಂಬಳಕ್ಕೆ ಜಾಡು ಹಿಡಿಯುತ್ತಾನೆ. ಮುಂದಿನ ಕುರ್ಚಿಯ ಆ ವಿದ್ಯೆ ಎಲ್ಲಿಂದ ಬಂತೆಂಬುದು ಆಗ ನಮಗೆ ಅರ್ಥವಾಗುತ್ತದೆ.

ವರ್ಣಭೇದದ ಆಳ್ವಿಕೆ ಮುಗಿದ 1994ರಲ್ಲಿ, ಕಳೆದುಕೊಂಡ ಭೂಮಿಯನ್ನು ಮರಳಿ ಕೇಳಲು ಅವಕಾಶ ಕೊಡುವ ಕಾನೂನಾಯಿತು. 1913ರ ಜೂನ್ 19ರಿಂದ ಈಚೆಗೆ ಒಕ್ಕಲೆದ್ದವರಿಗೆ ಮಾತ್ರ ಆ ಹಕ್ಕು. ಇದೇ ಕಾಡಿನ ಮಾಲಾ ಮಾಲಾ ಎಂಬ ಹೆಸರಾಂತ ಭಾಗಕ್ಕೆ ನ್ವಾಂಡ್ಲಮ್ಹಾರಿ ಸಮುದಾಯದವರು ಹಕ್ಕು ಹೂಡಿದರು. 2013ರಲ್ಲಿ ಸರ್ಕಾರ 100 ಕೋಟಿ ರಾಂಡಿಗೂ ಹೆಚ್ಚು ಹಣ ಕೊಟ್ಟು, ಸುಮಾರು 13,000 ಹೆಕ್ಟೇರು ನೆಲವನ್ನು ಅವರಿಗೆ ಬಿಡಿಸಿಕೊಟ್ಟಿತು. ಅವರು ಅದನ್ನು ಹೊಲ ಮಾಡಲಿಲ್ಲ. ಕಾಡು ಕಾಡಾಗಿಯೇ ಉಳಿಯಿತು, ಬಿಡದಿಯೂ ನಡೆಯಿತು. ಬರುವ ಹಣ ಪ್ರತಿಯೊಂದು ಮನೆಯ ಒಲೆಯನ್ನೂ ಮುಟ್ಟುವುದು ಒಂದು ಸಹಿಯಿಂದ ಆಗುವ ಕೆಲಸವಲ್ಲ. ಆದರೂ ಮೃಗಗಳು ಉಳಿಯಬೇಕಾದರೆ ಮನುಷ್ಯರು ಹೋಗಲೇಬೇಕು ಎಂಬ ಹಳೆಯ ವಾದಕ್ಕೆ ಅಲ್ಲಿ ಒಂದು ಉತ್ತರ ದೊರೆತಿದೆ.

ಇವಿಷ್ಟನ್ನೂ ಹೇಳಿದ ಮೇಲೆ ನೆರೆಮನೆಯವರು ಆ ಚಿತ್ರವನ್ನು ಮತ್ತೊಮ್ಮೆ ನೋಡಿದರು. ಈ ಸಲ ಅವರ ಕಣ್ಣು ಚಿರತೆಯ ಮೇಲೆ ನಿಲ್ಲಲಿಲ್ಲ. "ಮುಂದಿನ ಕುರ್ಚಿಯಲ್ಲಿದ್ದಾನಲ್ಲ, ಇವನ ಹೆಸರೇನೆಂದು ಮಗಳನ್ನು ಕೇಳಬೇಕು" ಎಂದರು.

ಮದುವೆಯ ಬಿಡದಿಯಲ್ಲಿ ಇಳಿದ ಬೀಗರಿಗೆ ಎಷ್ಟೇ ಉಪಚಾರ ನಡೆದರೂ, ಮನೆ ಯಾರದೆಂಬುದನ್ನು ಅವರು ಮರೆಯುವುದಿಲ್ಲ. ಕಾಡಿನ ಬಿಡದಿಯಲ್ಲಿ ಇಳಿಯುವವರಿಗೂ ಆ ನೆನಪು ಇದ್ದರೆ ಒಳ್ಳೆಯದು. ಅಲ್ಲಿ ಮನೆಯವರು ಎರಡು ಬಗೆ: ಒಬ್ಬರು ನಾಲ್ಕು ಕಾಲಿನವರು, ಇನ್ನೊಬ್ಬರು ಎರಡು ಕಾಲಿನವರು.