ಕಿತ್ತಳೆ ಸುಲಿಯೋದೂ ಪಾಠವೇ: ಪ್ಲೇಗ್ರೂಪಿನ ಗುಣಮಟ್ಟ ಅಳೆಯೋದು ಹೇಗೆ?

ಇವತ್ತಿನ ಸಂಚಿಕೆ ಹುಟ್ಟಿದ್ದು ನಮ್ಮದೇ ಒಂದು ವಾದದಿಂದ. ವಾಷಿಂಗ್ಟನ್ ಡಿಸಿ ಸುತ್ತಮುತ್ತಲಿನ ಕೆಲವು ಕನ್ನಡ ಮನೆಯವರು ಸೇರಿ ನಾವು ಶನಿವಾರ ಬೆಳಿಗ್ಗೆ ಒಂದು ಪ್ಲೇಗ್ರೂಪ್ ನಡೆಸ್ತೀವಿ. ಯಾರದೋ ಮನೆಯ ಬೇಸ್‌ಮೆಂಟು, ಒಂದು ಜಮಖಾನ, ಒಂದಷ್ಟು ಆಟದ ಸಾಮಾನು, ಎರಡರಿಂದ ನಾಲ್ಕು ವರ್ಷದ ಮಕ್ಕಳು. ಇಷ್ಟೇ.

ಒಂದು ದಿನ ಒಬ್ಬ ಅಪ್ಪ ಕೇಳಿದರು, "ಎರಡು ಗಂಟೆ ಇಲ್ಲಿ ಏನು ಕಲಿಸ್ತೀರಿ? ಅ ಆ ಇ ಈ ಕೂಡ ತಿದ್ದಿಸೋದಿಲ್ಲವಲ್ಲ!" ಪಕ್ಕದಲ್ಲಿದ್ದ ಒಬ್ಬ ಅಮ್ಮ, "ಮಕ್ಕಳು ಬಿದ್ದು ಏಟು ಮಾಡ್ಕೊಳ್ಳದೆ ಮನೆಗೆ ಬಂದ್ರೆ ಅಷ್ಟೇ ಸಾಕು ನಮಗೆ" ಅಂದರು. ಒಬ್ಬರಿಗೆ ಕಲಿಕೆ ಬೇಕು, ಇನ್ನೊಬ್ಬರಿಗೆ ಆರೈಕೆ ಬೇಕು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ನಾವು ಜೀವವಿಜ್ಞಾನದವರು ನಿಜ, ಆದರೆ ಲ್ಯಾಬಿನಲ್ಲಿ ನೋಡೋದು ಜೀವಕೋಶಗಳನ್ನ, ಮೂರು ವರ್ಷದ ಮಕ್ಕಳನ್ನಲ್ಲ. ಹಾಗಾಗಿ ಓದೋಕೆ ಕೂತೆವು. ಓದಿದ್ದರಲ್ಲಿ ಬಹಳಷ್ಟು ನಮ್ಮ ದಕ್ಷಿಣಕ್ಕೇ, ನಾರ್ತ್ ಕೆರೊಲೈನಾದ ಚಾಪೆಲ್ ಹಿಲ್‌ನಲ್ಲಿ ನಡೆದ ಕೆಲಸ.

ಮೊದಲು ಒಂದು ಪ್ರಶ್ನೆ. ಒಳ್ಳೆಯ ಶಿಶುವಿಹಾರಕ್ಕೆ ಹೋದ ಮಕ್ಕಳು ಮುಂದೆ ಚೆನ್ನಾಗಿ ಓದಿದರೆ ಅದು ಶಿಶುವಿಹಾರದಿಂದಲೇ ಅಂತ ಹೇಳೋದು ಹೇಗೆ? ಅನುಕೂಲ ಇರೋ ಮನೆಯವರೇ ಒಳ್ಳೆಯ ಜಾಗ ಹುಡುಕಿ ಸೇರಿಸಿರಬಹುದಲ್ಲ? ಈ ತೊಡಕು ಬಿಡಿಸೋಕೆ ಇರೋ ನೇರ ದಾರಿ ಚೀಟಿ ಎತ್ತೋದು. ಯಾರಿಗೆ ಆ ಅವಕಾಶ ಅನ್ನೋದನ್ನ ಅದೃಷ್ಟಕ್ಕೆ ಬಿಟ್ಟರೆ ಎರಡೂ ಗುಂಪಿನ ಮನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಆಮೇಲೆ ಕಾಣೋ ವ್ಯತ್ಯಾಸಕ್ಕೆ ಕಾರಣ ಹುಡುಕೋದು ಸುಲಭ.

ಚಾಪೆಲ್ ಹಿಲ್‌ನ ಅಬೆಸಿಡೇರಿಯನ್ ಪ್ರಾಜೆಕ್ಟ್ ಮಾಡಿದ್ದು ಇದನ್ನೇ. 1972ರಲ್ಲಿ ಶುರುವಾಯ್ತು. 1972ರಿಂದ 1977ರೊಳಗೆ ಹುಟ್ಟಿದ 111 ಮಕ್ಕಳು. ಎಲ್ಲರೂ ಬಡ ಮನೆಗಳವರು, ಹೆಚ್ಚುಕಡಿಮೆ ಎಲ್ಲರೂ ಕಪ್ಪು ಅಮೆರಿಕನ್ ಕುಟುಂಬಗಳವರು. 57 ಮಕ್ಕಳು ಕೇಂದ್ರಕ್ಕೆ ಬಂದರು, 54 ಮಕ್ಕಳು ಬರಲಿಲ್ಲ. ಬಂದ ಮಕ್ಕಳು ಕೆಲವೇ ತಿಂಗಳ ಶಿಶುಗಳಾಗಿದ್ದಾಗಲೇ ಸೇರಿ, ಇಡೀ ದಿನ, ವಾರಕ್ಕೆ ಐದು ದಿನ, ಐದು ವರ್ಷ ತುಂಬೋವರೆಗೆ ಅಲ್ಲೇ ಬೆಳೆದರು. ಹಸುಗೂಸುಗಳಿದ್ದಾಗ ಮೂರು ಮಕ್ಕಳಿಗೆ ಒಬ್ಬ ದೊಡ್ಡವರು, ಬೆಳೀತಾ ಹೋದ ಹಾಗೆ ಆರು ಮಕ್ಕಳಿಗೆ ಒಬ್ಬರು.

ಈ ಅಧ್ಯಯನ ಅಲ್ಲಿಗೆ ನಿಲ್ಲಲಿಲ್ಲ. ಮಕ್ಕಳು ದೊಡ್ಡವರಾದ ಮೇಲೂ ಸಂಶೋಧಕರು ಅವರ ಹಿಂದೆಯೇ ಹೋದರು. 30ನೇ ವಯಸ್ಸಿಗೆ ಕೇಂದ್ರಕ್ಕೆ ಬಂದವರಲ್ಲಿ ಶೇಕಡ 23ರಷ್ಟು ಜನ ಕಾಲೇಜು ಪದವಿ ಮುಗಿಸಿದ್ದರು. ಇನ್ನೊಂದು ಗುಂಪಿನಲ್ಲಿ ಶೇಕಡ 6. ನಮ್ಮನ್ನ ಬೆರಗುಗೊಳಿಸಿದ್ದು 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಫಲಿತಾಂಶ. ಮೂವತ್ತರ ಮಧ್ಯಕ್ಕೆ ಬಂದ ಗಂಡಸರ ರಕ್ತದೊತ್ತಡ ನೋಡಿದರು. ಮೇಲಿನ ಸಂಖ್ಯೆ ಇದೆಯಲ್ಲ, ಅದು ಒಂದು ಗುಂಪಿನಲ್ಲಿ ಸರಾಸರಿ 143, ಕೇಂದ್ರದಲ್ಲಿ ಬೆಳೆದವರಲ್ಲಿ 126. ಗುಂಪುಗಳು ಚಿಕ್ಕವು, ಆದ್ದರಿಂದ ಈ ಅಂಕಿಗಳನ್ನ ಕಲ್ಲಿನ ಮೇಲಿನ ಬರಹ ಅಂದ್ಕೋಬಾರದು. ಆದರೂ ಬಾಲ್ಯದ ಆರೈಕೆ ದೊಡ್ಡವರಾದ ಮೇಲಿನ ಮೈಯನ್ನೂ ಮುಟ್ಟಬಲ್ಲದು ಅನ್ನೋ ಸುಳಿವು ಸಣ್ಣದಲ್ಲ.

ಹಾಗಾದ್ರೆ ಒಳಗೆ ಏನು ಮಾಡ್ತಿದ್ರು? ಅಕ್ಷರ ತಿದ್ದಿಸ್ತಿದ್ರಾ? ಇಲ್ಲ. ಜೋಸೆಫ್ ಸ್ಪಾರ್ಲಿಂಗ್ ಮತ್ತು ಜೊತೆಗಾರರು ಸುಮಾರು 200 ಸಣ್ಣ ಸಣ್ಣ ಆಟಗಳನ್ನ ರೂಪಿಸಿದ್ದರು. ಪುಸ್ತಕ ಓದೋಕೆ ಅವರ ಸೂತ್ರ ಮೂರೇ ಮಾತು: ನೋಡು, ತೋರಿಸು, ಹೇಳು. ಮೊದಲು ಮಗು ಚಿತ್ರ ನೋಡಲಿ, ಆಮೇಲೆ ಬೆರಳಿಟ್ಟು ತೋರಿಸಲಿ, ಆಮೇಲೆ ಬಾಯಿಬಿಟ್ಟು ಹೇಳಲಿ. ಇನ್ನೊಂದು ವಿಚಾರ ಇದಕ್ಕಿಂತ ಮುಖ್ಯ. ಡೈಪರ್ ಬದಲಿಸೋದು, ಕೈ ತೊಳೆಸೋದು, ಊಟ ಮಾಡಿಸೋದು, ಇವೂ ಕಲಿಕೆಯ ಹೊತ್ತೇ ಅಂತ ಅವರು ಇಟ್ಕೊಂಡಿದ್ದರು. ಅಂದ್ರೆ ನಮ್ಮ ಬೇಸ್‌ಮೆಂಟಿನ ವಾದದಲ್ಲಿ ಆ ಅಪ್ಪ, ಆ ಅಮ್ಮ ಇಬ್ಬರೂ ಕೇಳ್ತಿದ್ದದ್ದು ಒಂದನ್ನೇ.

ಗುಣಮಟ್ಟ ಅಳೆಯೋ ಪಟ್ಟಿಯೂ ಚಾಪೆಲ್ ಹಿಲ್‌ನದೇ. ಥೆಲ್ಮಾ ಹಾರ್ಮ್ಸ್ ಮತ್ತು ರಿಚರ್ಡ್ ಕ್ಲಿಫರ್ಡ್ 1980ರಲ್ಲಿ ಪ್ರಕಟಿಸಿದ ಈ ಅಳತೆಗೆ ಇಸಿಇಆರ್‌ಎಸ್ ಅಂತ ಹೆಸರು. ಒಂದರಿಂದ ಏಳರವರೆಗೆ ಅಂಕ. ಒಂದು ಅಂದ್ರೆ ಸಾಲದು, ಏಳು ಅಂದ್ರೆ ಅತ್ಯುತ್ತಮ. ತರಬೇತಾದವರು ಗಂಟೆಗಟ್ಟಲೆ ಮೂಲೆಯಲ್ಲಿ ಕೂತು ನೋಡ್ತಾರೆ. ಗೋಡೆಯ ಬಣ್ಣ ಅಲ್ಲ, ಮಗು ಬಾಗಿಲಲ್ಲಿ ಬಂದಾಗ ಯಾರಾದ್ರೂ ಮಾತಾಡಿಸಿದ್ರಾ, ಆಟದ ಸಾಮಾನು ಮಗುವಿನ ಕೈಗೆ ಸಿಗ್ತದಾ, ಊಟಕ್ಕೆ ಮುಂಚೆ ಕೈ ತೊಳೆದ್ರಾ, ದೊಡ್ಡವರು ಮಕ್ಕಳ ಜೊತೆ ಹೇಗೆ ಮಾತಾಡ್ತಾರೆ, ಇಂಥವು.

ಮಾತಿಗೆ ಯಾಕಿಷ್ಟು ಬೆಲೆ? ಈಗ ನಮ್ಮ ಪಕ್ಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿರುವ ರೇಚಲ್ ರೊಮಿಯೊ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ನಾಲ್ಕರಿಂದ ಆರು ವರ್ಷದ 36 ಮಕ್ಕಳ ಮನೆಮಾತನ್ನ ರೆಕಾರ್ಡ್ ಮಾಡಿ, ಆಮೇಲೆ ಕಥೆ ಕೇಳ್ತಿರುವಾಗ ಅವರ ಮೆದುಳನ್ನ ಸ್ಕ್ಯಾನ್ ಮಾಡಿದರು. ಮಾತಿನ ಕೊಡು-ಕೊಳ್ಳು, ಅಂದ್ರೆ ಮಗು ಒಂದು, ದೊಡ್ಡವರು ಒಂದು, ಮತ್ತೆ ಮಗು ಒಂದು, ಹೀಗೆ ಹೆಚ್ಚು ನಡೆದ ಮನೆಗಳ ಮಕ್ಕಳಲ್ಲಿ ಬ್ರೋಕಾ ಅನ್ನೋ ಭಾಷೆಯ ಪ್ರದೇಶ ಹೆಚ್ಚು ಚುರುಕಾಗಿತ್ತು. ಮಗುವಿನ ಕಿವಿಗೆ ಎಷ್ಟು ಪದ ಬಿತ್ತು ಅನ್ನೋದನ್ನ ಲೆಕ್ಕಕ್ಕೆ ತಗೊಂಡ ಮೇಲೂ ಈ ಸಂಬಂಧ ಉಳಿಯಿತು.

ಇಲ್ಲಿ ನಾವು ಎಚ್ಚರವಾಗಿರಬೇಕು. ಇದು ಚೀಟಿ ಎತ್ತಿದ ಪ್ರಯೋಗ ಅಲ್ಲ, ಜೊತೆಜೊತೆಗೆ ಕಂಡ ಎರಡು ಸಂಗತಿಗಳು. ಅಬೆಸಿಡೇರಿಯನ್ ಕೂಡ ಐದು ವರ್ಷದ ಇಡೀ ದಿನದ ಆರೈಕೆ. ವಾರಕ್ಕೆ ಎರಡು ಗಂಟೆಯ ಗುಂಪಿನಿಂದ ಆ ಫಲ ಬರ್ತದೆ ಅಂತ ಹೇಳೋಕಾಗಲ್ಲ. 1991ರಲ್ಲಿ ಶುರುವಾದ ಎನ್‌ಐಸಿಎಚ್‌ಡಿಯ ದೊಡ್ಡ ಅಧ್ಯಯನ ಹತ್ತು ಊರುಗಳ 1,364 ಮಕ್ಕಳನ್ನ ನೋಡಿ ಹೇಳಿದ್ದು, ಆರೈಕೆಯ ಗುಣಮಟ್ಟ ಮುಖ್ಯ, ಆದರೆ ಮನೆಯ ಪ್ರಭಾವ ಅದಕ್ಕಿಂತ ದೊಡ್ಡದು ಅಂತ. ಹಾಗಾಗಿ ಪ್ಲೇಗ್ರೂಪಿನ ನಿಜವಾದ ಲಾಭ ಅಪ್ಪ ಅಮ್ಮ ಅಲ್ಲಿ ನೋಡಿದ್ದನ್ನ ಮನೆಗೆ ಒಯ್ದಾಗ ಬರಬಹುದು ಅಂತ ನಮಗನ್ನಿಸ್ತದೆ.

ಇಷ್ಟು ಓದಿ ಮುಂದಿನ ಶನಿವಾರ ನಾವೇ ಮೂಲೆಯಲ್ಲಿ ಕೂತು ನೋಡಿದೆವು. ನಾಚಿಕೆಯಾಯ್ತು. ನಮ್ಮ ಬಾಯಿಂದ ಬರ್ತಿದ್ದದ್ದು ಹೆಚ್ಚಾಗಿ "ಬೇಡ", "ಇಳಿ", "ಕೂತ್ಕೋ". ಪ್ರಶ್ನೆ ಕೇಳಿದರೂ ಉತ್ತರ ನಾವೇ ಹೇಳಿಬಿಡ್ತಿದ್ವಿ. ಕಾಯ್ತಿದ್ದವರು ಒಬ್ಬರೇ: ಊರಿಂದ ಬಂದಿದ್ದ ಒಬ್ಬ ಅಜ್ಜಿ. ಕಿತ್ತಳೆ ಸುಲೀತಾ, "ಒಳಗೆ ಎಷ್ಟು ತೊಳೆ ಇರಬೋದು ಹೇಳು ಪುಟ್ಟ?" ಅಂತ ಕೇಳಿ ಸುಮ್ಮನೆ ಕೂತರು. ನಮ್ಮ ಗುಂಪಿನಲ್ಲಿ ತುಟಿ ಬಿಚ್ಚದ ಒಂದು ಮಗು ಇತ್ತು. ಬಹಳ ಹೊತ್ತಾದ ಮೇಲೆ ಅದು "ಎರಡು" ಅಂತು. ಅಜ್ಜಿ, "ಎರಡಾ? ಬಿಡಿಸಿ ನೋಡೋಣ ಬಾ" ಅಂದರು.

ಆ ಮಗುವಿನ ಮನೆಯವರಿಗೆ ಯಾರೋ "ಎರಡು ಭಾಷೆಯಿಂದ ಗೊಂದಲ, ಕನ್ನಡ ನಿಲ್ಲಿಸಿ" ಅಂದಿದ್ದರಂತೆ, ಅವರು ನಿಲ್ಲಿಸೋಕೆ ಹೊರಟಿದ್ದರು. ಎರಡು ಭಾಷೆಯಿಂದ ಮಾತು ತಡವಾಗೋದಿಲ್ಲ. ಮಗುವಿಗೆ ಎಷ್ಟು ಪದ ಬರ್ತದೆ ಅಂತ ಎಣಿಸುವಾಗ ಎರಡೂ ಭಾಷೆ ಸೇರಿಸಿ ಎಣಿಸಬೇಕು. ಹಾಗಂತ ಅನುಮಾನ ಇದ್ರೆ "ಸರಿಹೋಗ್ತದೆ ಬಿಡಿ" ಅಂತ ಕೂರಬಾರದು. ಅಟ್ಲಾಂಟಾದಲ್ಲಿರುವ ಸಿಡಿಸಿ ಯಾವ ವಯಸ್ಸಿಗೆ ಏನು ಬರಬೇಕು ಅನ್ನೋ ಪಟ್ಟಿಯನ್ನ ಉಚಿತವಾಗಿ ಕೊಡುತ್ತದೆ. ಅದನ್ನ ಮಕ್ಕಳ ಡಾಕ್ಟರಿಗೆ ತೋರಿಸಿ, ಕಿವಿಯ ಪರೀಕ್ಷೆ ಮಾಡಿಸಿ. ಅಮೆರಿಕದಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಅರ್ಲಿ ಇಂಟರ್‌ವೆನ್ಶನ್ ಮೂಲಕ, ಮೂರಾದ ಮೇಲೆ ಸರ್ಕಾರಿ ಶಾಲಾ ವ್ಯವಸ್ಥೆಯ ಮೂಲಕ ಮೌಲ್ಯಮಾಪನ ಉಚಿತ. ಆ ಮನೆಯವರು ಈಗ ಪರೀಕ್ಷೆಯನ್ನೂ ಮಾಡಿಸ್ತಿದ್ದಾರೆ, ಕನ್ನಡವನ್ನೂ ಬಿಟ್ಟಿಲ್ಲ.

ನಮ್ಮ ಗುಂಪಿನಲ್ಲಿ ಬದಲಾಗಿದ್ದು ಮೂರೇ. ಸರದಿಯ ಮೇಲೆ ಸಾಕಷ್ಟು ದೊಡ್ಡವರು ಇರ್ತಾರೆ, ಅವರ ಫೋನು ಮೇಲಿನ ಮಹಡಿಯಲ್ಲಿ. ಕೈ ತೊಳೆಯೋ ಹೊತ್ತನ್ನ ಓಡಿಸೋದಿಲ್ಲ. ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಕೊಂಡು ಕಾಯ್ತೀವಿ. ಮೂರರಲ್ಲಿ ಇದೇ ಕಷ್ಟ. ಅ ಆ ಇ ಈ ಕೇಳಿದ ಅಪ್ಪ ಹೋದ ವಾರ ಅರ್ಧ ಗಂಟೆ ನೆಲದ ಮೇಲೆ ಕೂತು ಒಂದು ಇರುವೆಯ ಬಗ್ಗೆ ಮಾತಾಡಿದರು.

ನಿಮ್ಮ ಊರಲ್ಲೂ ಇಂಥ ಗುಂಪು ಇದ್ದರೆ ಒಂದು ದಿನ ಮೂಲೆಯಲ್ಲಿ ಸುಮ್ಮನೆ ಕೂತು ನೋಡಿ. ಏನು ಕಂಡಿತು ಅಂತ ನಮಗೂ ಹೇಳಿ.